ನಾಲ್ಕು ಗಂಟೆ ಹಿಂದಿನ ಡೊಂಬಿವಲಿ

ಅಮ್ಮನ ಫೋನ್ ಬಂದಾಗ ಮಾನ್ಯಾ ಮಹಾಪೆಯ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು.

“ಹೃಷಿ ಕಾಣ್ತಿಲ್ಲ ಕಣೇ.” ಅಲಮೇಲು ಏದುಸಿರು ಬಿಡುತ್ತಿದ್ದರು. “ಟೆರೇಸಲ್ಲಿ ಕೂತು ಟ್ರೇನ್ ನೋಡ್ತಿದಾನೆ ಅಂದ್ಕೊಂಡಿದ್ದೆ. ಮಾತ್ರೆ ಕೊಡೋಣ ಅಂತ ಹತ್ತಿ ಹೋದ್ರೆ ಅಲ್ಲಿಲ್ಲ. ವಾಚ್‌ಮನ್‌ನ ಕೇಳಿದ್ರೆ ಒಂಬತ್ತು ಗಂಟೆಗೇ ಗೇಟ್ ದಾಟಿದ ಅಂತಾನೆ.”

“ಒಂಬತ್ತಕ್ಕಾ? ಅಮ್ಮ, ಈಗ ಹನ್ನೆರಡೂವರೆ!”

“ಬೈಬೇಡ್ವೇ ನನ್ನ. ಎಲ್ಲಿದಾನೆ ನೋಡಿ ಹೇಳು.”

ಹೃಷಿಕೇಶ ಮಾನ್ಯಾಳ ತಮ್ಮ. ಇಪ್ಪತ್ತಾರು ವರ್ಷದವನು, ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವನಲ್ಲ. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಯಾರಾದರೂ ಹೆಸರು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಜೊತೆಗೆ ಫಿಟ್ಸ್. ಮೂರು ಹೊತ್ತಿನ ಮಾತ್ರೆಯಲ್ಲಿ ಒಂದು ಹೊತ್ತು ತಪ್ಪಿದರೂ ಎಲ್ಲಿ ನಿಂತಿದ್ದಾನೋ ಅಲ್ಲೇ ಬಿದ್ದುಬಿಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಮಾನ್ಯಾ ತಾಯಿಯನ್ನೂ ತಮ್ಮನನ್ನೂ ಮೈಸೂರಿನಿಂದ ಕರೆತಂದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಫ್ಲ್ಯಾಟ್ ಹಿಡಿದಿದ್ದಳು.

ಅವಳ ಕಂಪನಿ ಇರುವುದೇ ಇಂಥವರಿಗಾಗಿ. ಮರೆವಿನ ಕಾಯಿಲೆಯ ಹಿರಿಯರು, ದಾರಿ ತಪ್ಪುವ ಮಕ್ಕಳು, ಇವರ ಕೈಗೋ ಬೂಟಿಗೋ ಒಂದು ಸಣ್ಣ ಟ್ಯಾಗ್ ಕಟ್ಟುತ್ತಾರೆ. ಅದು ತಾನಿರುವ ಜಾಗವನ್ನು ನಿಮಿಷಕ್ಕೊಮ್ಮೆ ಕಳಿಸುತ್ತದೆ, ಮನೆಯವರು ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಆ ಡೇಟಾಬೇಸು ಮಾನ್ಯಾಳ ಹೊಣೆ. ಹೃಷಿಯ ಎಡ ಬೂಟಿನ ಲೇಸಿಗೂ ಅವಳೇ ಒಂದು ಟ್ಯಾಗ್ ಹೊಲಿದಿದ್ದಳು. ಅವನು ಮನೆ ಬಿಟ್ಟರೆ ಅಮ್ಮನ ಫೋನ್ ಕೂಗಬೇಕು. ಆದರೆ ಟೆರೇಸಿಗೆ ಹತ್ತಿದರೂ ಅದು ಕೂಗುತ್ತಿತ್ತೆಂದು ಬೇಸತ್ತು ಅಲಮೇಲು ಎಂದೋ ಅದರ ಬಾಯಿ ಮುಚ್ಚಿಸಿದ್ದರು.

ಮಾನ್ಯಾ ತಮ್ಮನ ಹೆಸರು ಹಾಕಿದಳು. ಈಗಿನ ಜಾಗ ಬರಲಿಲ್ಲ. ಟ್ಯಾಗು ಸುಮ್ಮನಾಗಿತ್ತು, ಬ್ಯಾಟರಿ ಹೋಗಿರಬಹುದು. ಕೊನೆಗೆ ಎಲ್ಲಿದ್ದ ಎಂದು ನೋಡಿದಳು. ಅದೂ ಇಲ್ಲ. ನಿನ್ನೆಯದು ಇಲ್ಲ, ಹೋದ ವಾರದ್ದೂ ಇಲ್ಲ. ಅನುಮಾನ ಬಂದು ಬೇರೆ ಬೇರೆ ಮನೆಗಳ ದಾಖಲೆ ತೆಗೆದಳು. ಎಲ್ಲರದ್ದೂ ಅಷ್ಟೇ. ಹತ್ತೂ ಮುಕ್ಕಾಲಿನಿಂದ ಈಚಿನ ಗುರುತುಗಳು ಮಾತ್ರ ಇದ್ದವು, ಅದಕ್ಕಿಂತ ಹಿಂದಿನದೆಲ್ಲ ಒರೆಸಿ ಹಾಕಿದಂತಿತ್ತು.

“ವಿಶಾಲ್!” ಅವಳು ಕೂಗಿದ ರೀತಿಗೆ ಇಡೀ ಆಫೀಸು ತಿರುಗಿ ನೋಡಿತು. “ಹತ್ತೂ ಮುಕ್ಕಾಲಿಗೆ ಯಾರು ಯಾವ ಕಮಾಂಡ್ ಓಡಿಸಿದ್ರು?”

ವಿಶಾಲ್ ಅವಳ ಕೈಕೆಳಗಿನ ಹುಡುಗ. ಉಡುಪಿ ಕಡೆಯ ಮನೆತನ, ಹುಟ್ಟಿದ್ದು ಬೆಳೆದದ್ದು ಪಕ್ಕದ ಠಾಣೆ ಊರಿನಲ್ಲಿ. ಅವನು ತನ್ನ ಪರದೆಯನ್ನು ನೋಡಿದ, ಮತ್ತೆ ನೋಡಿದ. 

“ಮ್ಯಾಡಮ್, ಅದು ನಾನೇ. ಬಿಟ್ಟುಹೋದ ಕಸ್ಟಮರ್‌ದು ಹಳೇ ರೆಕಾರ್ಡ್ ತೆಗೀತಿದ್ದೆ. ಯಾರದ್ದು, ಯಾವ ತಾರೀಖಿಂದು ಅನ್ನೋ ಶರ್ತು ಹಾಕೋದು... ರಹ್ ಗಯಾ. ಎಲ್ಲಾ ಹೋಗಿದೆ.”

ಎರಡು ತಾಸಿನವರೆಗೆ ಯಾರಿಗೂ ಗೊತ್ತಾಗದ್ದಕ್ಕೆ ಕಾರಣವಿತ್ತು. ಟ್ಯಾಗುಗಳು ಹೊಸ ಗುರುತು ಕಳಿಸುತ್ತಲೇ ಇದ್ದವು, ಮನೆಯವರ ಫೋನಿನಲ್ಲಿ ಚುಕ್ಕೆ ಕಾಣುತ್ತಲೇ ಇತ್ತು. ಹಿಂದಿನ ದಾರಿ ಬೇಕಾಗುವುದು ಯಾರಾದರೂ ಕಳೆದುಹೋದಾಗ ಮಾತ್ರ.

ಮುಖ್ಯ ಸರ್ವರಿಗೆ ಒಂದು ಜೊತೆ ಸರ್ವರಿತ್ತು. ಇಲ್ಲಿ ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿಗೂ ಹೋಗುತ್ತಿತ್ತು. ಇಲ್ಲಿ ಅಳಿಸಿದ್ದೂ ಹಾಗೇ ಹೋಗಿತ್ತು. ನಿನ್ನೆ ರಾತ್ರಿಯ ಬ್ಯಾಕಪ್ಪಿನಲ್ಲಿ ಇವತ್ತಿನ ಬೆಳಗ್ಗೆ ಇರಲಿಲ್ಲ. ಉಳಿದದ್ದು ಒಂದೇ, ಆಫೀಸಿನಲ್ಲಿ ಎಲ್ಲರೂ ‘ಲೇಟ್ ಸರ್ವರ್’ ಎನ್ನುತ್ತಿದ್ದದ್ದು. ಅದಕ್ಕೂ ಎಲ್ಲ ಬದಲಾವಣೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿತ್ತು, ಆದರೆ ನಾಲ್ಕು ಗಂಟೆ ಕಾದ ಮೇಲೆಯೇ ಒಳಗೆ ಹೋಗುತ್ತಿತ್ತು. ಬೇಕೆಂದೇ ಹಾಗೆ ಕಟ್ಟಿದ್ದರು, ಯಾರಾದರೂ ತಪ್ಪು ಮಾಡಿದರೆ ತಪ್ಪು ಅಲ್ಲಿಗೆ ಮುಟ್ಟುವ ಮೊದಲು ಹಿಡಿಯಬಹುದು ಎಂದು. ಹೋದ ವರ್ಷ ಇದರ ಮೇಲೆ ಜಗಳವೇ ಆಗಿತ್ತು. ವಿಶಾಲ್ ಒಂದು ಗಂಟೆ ಸಾಕು ಎಂದಿದ್ದ. ಹೆಚ್ಚು ಹಿಂದಿಟ್ಟಷ್ಟೂ ಅಗತ್ಯ ಬಿದ್ದಾಗ ಮುಂದೆ ತರಲು ಹೊತ್ತು ಹಿಡಿಯುತ್ತದೆ ಎನ್ನುವುದು ಅವನ ವಾದ. ತಪ್ಪು ಮಾಡಿದವನಿಗೆ ತಪ್ಪೆಂದು ಗೊತ್ತಾಗಲು ಒಂದು ಗಂಟೆ ಸಾಲದು ಎಂದು ಮಾನ್ಯಾ ಹಟ ಹಿಡಿದು ನಾಲ್ಕು ಮಾಡಿಸಿದ್ದಳು.

ಅವಳು ಮೊದಲು ಆ ಸರ್ವರನ್ನು ಇದ್ದಲ್ಲೇ ನಿಲ್ಲಿಸಿದಳು. ಈಗ ಅಳಿಸುವ ಆಜ್ಞೆ ಒಳಗೆ ಹೋಗುವಂತಿರಲಿಲ್ಲ. ಆಮೇಲೆ ತಮ್ಮನ ಹೆಸರು ಹಾಕಿದಳು.

ಹೃಷಿ ಸಿಕ್ಕಿದ. ಎಂಟೂವರೆಯ ಗುರುತು, ಡೊಂಬಿವಲಿಯಲ್ಲಿ, ಅವರದೇ ಬಿಲ್ಡಿಂಗಿನ ಮೇಲೆ. ಅಲ್ಲಿ ಅವನು ಇನ್ನೂ ಮನೆ ಬಿಟ್ಟೇ ಇರಲಿಲ್ಲ.

ಮಾನ್ಯಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ನಡೆದ ದಾರಿಯೆಲ್ಲ ಆ ಸಾಲಿನಲ್ಲೇ ಇತ್ತು. ಆದರೆ ಸಾಲಿನೊಳಗೆ ಕೈಹಾಕಿ ಅವನದನ್ನು ಮಾತ್ರ ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಕಂಡವರು ಓದಬಾರದೆಂದು ಎಲ್ಲದಕ್ಕೂ ಬೀಗವಿತ್ತು, ಡೇಟಾಬೇಸಿನೊಳಗೆ ಹೋದ ಮೇಲೆಯೇ ಅದು ತೆರೆಯುತ್ತಿದ್ದದ್ದು. ಅಂದರೆ ಸಾವಿರಾರು ಜನರ ಬೆಳಗ್ಗೆಯನ್ನು ಸಾಲಾಗಿ ಮುಂದಕ್ಕೆ ಓಡಿಸಿ, ಅಳಿಸುವ ಆಜ್ಞೆಯ ಒಂದು ಹೆಜ್ಜೆ ಹಿಂದೆ ನಿಲ್ಲಿಸಬೇಕು.

ಅಷ್ಟರಲ್ಲಿ ಜಯಂತ್ ಬಂದಿದ್ದರು. ಬೆಂಗಳೂರಿನವರು, ವಿಭಾಗದ ಮುಖ್ಯಸ್ಥರು. ಎಲ್ಲವನ್ನೂ ನಿಂತೇ ಕೇಳಿಸಿಕೊಂಡರು.

“ಮೊದಲು ಲೇಟ್ ಸರ್ವರಿಂದು ಒಂದು ಕಾಪಿ ತೆಗೀರಿ,” ಎಂದರು. “ಆಮೇಲೆ ಓಡ್ಸಿ.”

“ಕಾಪಿಗೆ ಎರಡು ಗಂಟೆ ಬೇಕು ಸರ್.”

“ಗೊತ್ತು. ಆದ್ರೆ ಕೈ ತಪ್ಪಿ ಒಂದು ಹೆಜ್ಜೆ ಮುಂದೆ ಹೋದ್ರೆ ಇರೋ ಒಂದೇ ಕಾಪೀನೂ ಹೋಯ್ತು. ಇವತ್ತಿನ ಬೆಳಗ್ಗೆ ಯಾರಿಗೂ ವಾಪಸ್ ಸಿಗಲ್ಲ. ಇನ್ಯಾರ ಮನೇಲಿ ಯಾರು ಕಳೆದುಹೋಗಿದಾರೋ ನಮಗೇನು ಗೊತ್ತು? ರೂಲ್ ನೀವೇ ಬರ್ದಿದ್ದು ಮಾನ್ಯಾ.”

ಹೌದು, ಅವಳೇ ಬರೆದದ್ದು. ಕಾಪಿ ತೆಗೆಯದೆ ಯಾರೂ ಲೇಟ್ ಸರ್ವರನ್ನು ಮುಟ್ಟಬಾರದು, ಯಾರ ಒತ್ತಾಯಕ್ಕೂ.

“ಸರ್, ಅವನು ಮಾತಾಡಲ್ಲ. ಹೆಸರು ಹೇಳಲ್ಲ. ಪ್ಲಾಟ್‌ಫಾರಂ ಅಂಚಲ್ಲಿ ನಿಂತ್ಕೊಂಡಿರ್ತಾನೆ...” 

“ಮಾತ್ರೆ ಎಷ್ಟೊತ್ತಿಗೆ?”

“ಹೊತ್ತು ಆಗ್ಲೇ ಮೀರಿದೆ.”

ಜಯಂತ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು ಕಂಪನಿಯ ಮಾಲೀಕರಿಗೆ ಎರಡು ಸಾಲು ಬರೆದರು: ಕಾಪಿ ತೆಗೆಯದೆ ಮುಂದುವರಿಯುತ್ತಿದ್ದೇವೆ, ನಿರ್ಧಾರ ನನ್ನದು. ಉತ್ತರಕ್ಕೆ ಕಾಯಲಿಲ್ಲ.

“ನೀವು ಟೈಪ್ ಮಾಡ್ಬೇಡಿ, ನಿಮ್ಮ ತಮ್ಮನ ವಿಷಯ. ವಿಶಾಲ್, ಕೂತ್ಕೋ.”

“ಸರ್, ನಾನಾ?” ವಿಶಾಲ್ ಹಿಂದೆ ಸರಿದ. “ಮೇರೇ ಸೇ ಹೀ ತೋ... ನನ್ನಿಂದಲೇ ತಾನೆ ಆಗಿದ್ದು.”

“ಅದಕ್ಕೇ. ನಿನ್ನ ಆಜ್ಞೆ ಸಾಲಿನಲ್ಲಿ ಎಲ್ಲಿದೆ ಹುಡುಕು. ಅದಕ್ಕಿಂತ ಒಂದು ಹೆಜ್ಜೆ ಮೊದಲೇ ನಿಲ್ಲಿಸು.”

ವಿಶಾಲ್ ನಿಲ್ಲಬೇಕಾದ ಜಾಗದ ಅಂಕಿಗಳನ್ನು ಹಾಕಿದ. ಜಯಂತ್ ಗಟ್ಟಿಯಾಗಿ ಓದಿದರು. ಮಾನ್ಯಾ ಒಂದೊಂದನ್ನೂ ಬೆರಳಿಟ್ಟು ನೋಡಿ ತಲೆಯಾಡಿಸಿದಳು. ಲೇಟ್ ಸರ್ವರ್ ಎಂಟೂವರೆಯಿಂದ ಮುಂದಕ್ಕೆ ಹೊರಟಿತು. ಮುಕ್ಕಾಲು ಗಂಟೆ ಬೇಕು ಎಂದು ತೋರಿಸಿತು. ಅಲ್ಲಿ ಕೂತು ಕಾಯುವುದು ಅವಳಿಂದಾಗಲಿಲ್ಲ.

“ಫೋನ್ ಇಡಬೇಡ ವಿಶಾಲ್. ಅವನು ಎಲ್ಲೆಲ್ಲಿ ಹೋಗ್ತಾನೆ ಹೇಳ್ತಾ ಇರು,” ಎಂದು ಪರ್ಸು ಎತ್ತಿಕೊಂಡು ಓಡಿದಳು.

ಆಫೀಸಿನ ಹತ್ತಿರದ ಘಣಸೋಲಿ ಸ್ಟೇಷನ್ನಿನಲ್ಲಿ ಠಾಣೆ ಕಡೆಯ ಲೋಕಲ್ ಸಿಕ್ಕಿತು. ಡೊಂಬಿವಲಿಗೆ ಹೋಗಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಬಾಗಿಲ ಕಂಬಕ್ಕೆ ಒರಗಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಒಂಬತ್ತು. ಗೇಟ್ ಹೊರಗೆ ಬಂದ,” ಎಂದ ವಿಶಾಲ್. “ಸ್ಟೇಷನ್ ಕಡೆ ಹೋಗ್ತಿದಾನೆ.”

ಬೋಗಿಯಲ್ಲಿ ಯಾರೋ ಕಡಲೆ ಮಾರುತ್ತಿದ್ದರು. ಇಬ್ಬರು ಹೆಂಗಸರು ಸೀಟಿಗಾಗಿ ಜಗಳವಾಡುತ್ತಿದ್ದರು.

“ಪ್ಲಾಟ್‌ಫಾರಂ. ನಿಂತಿದಾನೆ ಮ್ಯಾಡಮ್. ಇನ್ನೂ ನಿಂತೇ ಇದಾನೆ.” ಸ್ವಲ್ಪ ಹೊತ್ತಿನ ಮೇಲೆ, “ಟ್ರೇನ್ ಪಕಡ್ ಲಿಯಾ. ಠಾಣೆ ಕಡೆ.”

ಆ ಹೊತ್ತಿನ ಟ್ರೇನ್! ದೊಡ್ಡವರೇ ಜೋತು ಬೀಳುವ ಗರ್ದಿಯಲ್ಲಿ ಹೃಷಿ. ಮೈಗೆ ಮೈ ತಾಗಿದರೆ ಕಿವಿ ಮುಚ್ಚಿಕೊಂಡು ಕುಸಿದು ಕೂರುವವನು. 

ಲೋಕಲ್ ಐರೋಲಿಗೆ ಬರುವಾಗ ವಿಶಾಲನ ದನಿ ಏರಿತು. “ಮ್ಯಾಡಮ್, ಉತರ್ ಜಾವೋ! ಅವನು ಠಾಣೆಯಲ್ಲಿ ಇಳಿದು ಪನವೇಲ್ ಟ್ರೇನ್ ಹತ್ತಿದ. ಐರೋಲಿ ದಾಟಿದಾನೆ, ರಬಾಳೆ... ನಮ್ಮ ಘಣಸೋಲಿಯೂ ದಾಟಿದ.”

ಅವಳು ಇಳಿದು ಮೆಟ್ಟಿಲು ಹತ್ತಿ ಎದುರಿನ ಪ್ಲಾಟ್‌ಫಾರಂಗೆ ಓಡಿದಳು. ಘಣಸೋಲಿ. ಅವಳು ದಿನವೂ ಇಳಿಯುವ ಸ್ಟೇಷನ್. ಅಕ್ಕ ಹೋಗುವ ದಾರಿ ಹಿಡಿದು ಬಂದನೇ? ಇಳಿಯಬೇಕಾದ ಜಾಗ ಗೊತ್ತಾಗಲಿಲ್ಲವೇ? ಗರ್ದಿಯಲ್ಲಿ ಬಾಗಿಲಿಗೆ ಬರಲಾಗಲಿಲ್ಲವೇ? ಅವನು ಆ ಸ್ಟೇಷನ್ ದಾಟುವಾಗ ಅವಳು ಅಲ್ಲೇ ಹತ್ತಿರದಲ್ಲಿ ಏಸಿಯ ತಂಪಿನಲ್ಲಿ ಕಾಫಿ ಕುಡಿಯುತ್ತಿದ್ದಳು.

“ನೆರೂಲ್,” ಎಂದ ವಿಶಾಲ್. 

“ವಿಶಾಲ್? ಮುಂದೆ?”

“ನಿಂತೋಯ್ತು.”

“ಯಾರು? ಹೃಷಿನಾ?”

“ಅಲ್ಲ, ಸರ್ವರ್. ಬೆಳಗಿನ ರಿಪೋರ್ಟ್ ಕಟ್ಟೋ ದೊಡ್ಡ ಕೆಲಸ ಇದೆಯಲ್ಲ, ಅದು ಸಾಲಲ್ಲಿ ಬಂದಿದೆ. ಅದು ಮುಗಿಯೋವರೆಗೆ ಅದರ ಬೆನ್ನಿಗೆ ನಿಂತಿರೋದು ಬರಲ್ಲ.”

“ಅದನ್ನ ಬಿಟ್ಟು ಮುಂದೆ ಹೋಗು!”

ಫೋನಿನಲ್ಲಿ ಜಯಂತ್ ದನಿ ಬಂತು. “ಬೇಡ ಮಾನ್ಯಾ. ಒಂದನ್ನ ಹಾರಿಸಿದ್ರೆ ಮುಂದಿನದು ತಾಳೆಯಾಗದೆ ಪೂರ್ತಿ ನಿಂತುಬಿಡಬಹುದು. ನಿಮಗೂ ಗೊತ್ತು.”

“ನಿಮ್ಮ ರಿಪೋರ್ಟ್ ಹಾಳಾಗಿಹೋಗ್ಲಿ ಸರ್! ನನ್ ತಮ್ಮ ಅಲ್ಲಿ...”

“ಬೈರಿ ನನ್ನ. ಆದ್ರೆ ಹಾರಿಸಲ್ಲ.”

ಪ್ಲಾಟ್‌ಫಾರಂನಲ್ಲಿ ಜನ ಅವಳನ್ನೇ ನೋಡುತ್ತಿದ್ದರು. ಪನವೇಲ್ ಲೋಕಲ್ ಬಂದು ನಿಂತಿತು. ನೆರೂಲಿನಲ್ಲಿ ಅವನು ಇಳಿದಿದ್ದರೆ? ಅಲ್ಲಿಂದ ಬೇರೆ ದಾರಿಗಳೂ ಇವೆ. ಹತ್ತಬೇಕೋ ಬಿಡಬೇಕೋ ಎಂದು ತಿಳಿಯದೆ ಒಂದು ಕಾಲು ಒಳಗಿಟ್ಟು ನಿಂತಳು. ಯಾರೋ ಹಿಂದಿನಿಂದ ನೂಕಿದ್ದರಿಂದ ಒಳಗೆ ಹೋದಳು. ಅದೇ ಹೊತ್ತಿಗೆ ಇನ್ನೊಂದು ಕಾಲ್ ಬಂತು, ಅಮ್ಮನದು.

“ಪೊಲೀಸ್ ಸ್ಟೇಷನ್‌ನಲ್ಲಿದೀನಿ. ಫೋಟೋ ಕೊಟ್ಟೆ. ಮಾತಾಡಲ್ಲ ಅಂದ್ರೆ ಹೇಗೆ ಹುಡುಕೋದು ಅಂತಾರೆ. ಸಿಕ್ಕಿದ್ನಾ?”

“ಹುಡುಕ್ತಿದೀನಿ ಅಮ್ಮ.”

“ನಿನ್ನ ಕಂಪ್ಯೂಟರಿಗೆ ಗೊತ್ತಿರತ್ತೆ ಅಂದಿದ್ಯಲ್ಲ!”

“ಗೊತ್ತಿದೆ ಅಮ್ಮ. ಇನ್ನೂ ಹೇಳ್ತಿಲ್ಲ,” ಎಂದು ಮಾನ್ಯಾ ಅಲ್ಲೇ ಬಾಗಿಲ ಬಳಿ ಕುಕ್ಕರಿಸಿ ಅಳತೊಡಗಿದಳು. ಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ನೀರಿನ ಬಾಟಲಿ ಚಾಚಿದಳು.

ಬೇಲಾಪುರ ದಾಟುವಾಗ ಸರ್ವರ್ ಮತ್ತೆ ಹೊರಟಿತು. “ಖಾರ್ಘರ್. ಮಾನಸರೋವರ. ಇಳಿದ, ಇಳಿದ!” ವಿಶಾಲ್ ಕೂಗುತ್ತಿದ್ದ. “ಹೈವೇ ದಾಟ್ತಿದಾನೆ. ಕಳಂಬೋಲಿ ಒಳಗೆ. ಲೋಹಾ ಮಾರ್ಕೆಟ್. ಮ್ಯಾಡಮ್, ಅಲ್ಲೊಂದು ಗಲ್ಲಿಯಲ್ಲಿ ನಿಂತಿದಾನೆ. ಅಲ್ಲಾಡ್ತಿಲ್ಲ. ಆಮೇಲೆ... ಅಷ್ಟೇ. ಅದೇ ಕೊನೆ. ಹತ್ತೂ ಮುಕ್ಕಾಲಿಗೆ ಸ್ವಲ್ಪ ಮೊದ್ಲು.”

“ಸರ್ವರ್?”

“ನಿಂತಿದೆ. ಸರಿಯಾದ ಜಾಗದಲ್ಲೇ ನಿಂತಿದೆ.” ಅವನು ಬಿಕ್ಕುತ್ತಿದ್ದದ್ದು ಕೇಳಿಸಿತು.

ಮಾನಸರೋವರದಿಂದ ರಿಕ್ಷಾ ಹಿಡಿದಳು. ಕಳಂಬೋಲಿಯ ಉಕ್ಕಿನ ಪೇಟೆ ಎಂದರೆ ಗಲ್ಲಿಗೆ ಗಲ್ಲಿ ಗೋದಾಮು, ಟ್ರೇಲರ್ ಹಿಂದೆ ಟ್ರೇಲರ್, ತಲೆಯ ಮೇಲೆ ಕ್ರೇನು, ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಆ ಸದ್ದಿಗೇ ಬಂದಿರಬೇಕು. ಮನೆಯಲ್ಲಿ ತಟ್ಟೆ ಬಿದ್ದರೆ ಚಪ್ಪಾಳೆ ತಟ್ಟುವವನು ಅವನು. ವಿಶಾಲ್ ಹೇಳಿದ ಗಲ್ಲಿಯಲ್ಲಿ ಅವಳು ಕಂಡಕಂಡವರಿಗೆಲ್ಲ ಫೋಟೋ ತೋರಿಸಿದಳು. “ನಹೀ ದೇಖಾ,” ಎಂದರು. ಒಬ್ಬ ಫೋಟೋ ನೋಡದೆಯೇ ಕೈಯಾಡಿಸಿದ. ಗುರುತು ಸುಮ್ಮನಾಗಿ ಮೂರು ಗಂಟೆಯೇ ಕಳೆದಿತ್ತು. ಅಮ್ಮನಿಗೆ ಫೋನ್ ಮಾಡಿ, “ಇಲ್ಲೂ ಇಲ್ಲ ಅಮ್ಮ, ಯಾರೂ ನೋಡಿಲ್ಲ ಅಂತಾರೆ,” ಎನ್ನುವಾಗ ಹಿಂದಿನಿಂದ ಯಾರೋ ಕರೆದರು.

“ಯಕ್ಕಾ, ಕನ್ನಡದವ್ರೇನ್ರಿ? ಯಾರನ್ನ ಹುಡ್ಕಾಕತ್ತೀರಿ?”

ಲೋಡಿಂಗ್ ಕೆಲಸದ ಮನುಷ್ಯ, ಹೆಗಲ ಮೇಲೆ ಗೋಣಿತಾಟು. ಶಂಕ್ರೆಪ್ಪ ಎಂದು ಹೆಸರು ಹೇಳಿದ. ಫೋಟೋ ನೋಡಿದವನೇ ಕಣ್ಣು ಕೆಳಗೆ ಹಾಕಿದ.

“ಇಂವ ನಿಮ್ಮವ ಏನ್ರಿ?”

“ನನ್ ತಮ್ಮ. ಎಲ್ಲಿ? ಎಲ್ಲಿದಾನೆ?”

“ಜೀವಕ್ಕೇನಿಲ್ಲ್ರಿ, ಅಂಜಬ್ಯಾಡ್ರಿ. ಕ್ರೇನು ಕಬ್ಬಿಣದ ತಗಡಿನ ಪತ್ರಾ ಇಳಸೂದ ನೋಡ್ಕೋಂತ ಚಪ್ಪಾಳಿ ಹೊಡೀತಿದ್ದ. ಅತ್ತಾಗ ಸರಿ, ಸರಿ ಅಂತ ಎಷ್ಟ ಒದರಿದ್ವಿ. ಸರೀಲಿಲ್ಲ. ಒಂದ ಪತ್ರಾ ಜಾರಿ ಕಾಲ ಮ್ಯಾಲ ಬಿತ್ತು.” ಅವನು ತನ್ನ ಎಡಗಾಲನ್ನೇ ಮುಂದೆ ಮಾಡಿ ತೋರಿಸಿದ, ಟ್ಯಾಗ್ ಇದ್ದ ಕಾಲು. “ಬೂಟು ಅಪ್ಪಚ್ಚಿ ಆತು. ಟೆಂಪೋದಾಗ ಹಾಕ್ಕೊಂಡು ಕಾಮೋಠೆ ದವಾಖಾನಿಗೆ ಒಯ್ದ್ವಿ. ಹೆಸರ ಕೇಳಿದ್ರ ಹೇಳಲಿಲ್ಲ. ಅಳಲೂ ಇಲ್ಲ ಯಕ್ಕಾ. ಅದ ನಮಗ ಭಾಳ ಸಂಕಟ ಆತು.”

ಅವನೇ ರಿಕ್ಷಾದಲ್ಲಿ ಜೊತೆಗೆ ಬಂದ. ದಾರಿಯುದ್ದಕ್ಕೂ ಮಾನ್ಯಾ ಮಾತ್ರೆಯ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದಳು, ಎಲ್ಲಿ ಮರೆತುಬಿಡುತ್ತೇನೋ ಎನ್ನುವಂತೆ.

ಹೃಷಿ ಆಸ್ಪತ್ರೆಯ ಒಂದು ಮೂಲೆಯ ಮಂಚದ ಮೇಲಿದ್ದ. ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಬಾಯಂಚಿನಲ್ಲಿ ಒಣಗಿದ ನೊರೆ.

“ಎರಡು ಸಲ ಫಿಟ್ಸ್ ಬಂತು,” ಎಂದು ಡಾಕ್ಟರ್ ಹಿಂದಿಯಲ್ಲಿ ಹೇಳಿದರು. “ಮೊದಲಿಂದ ಇದೆಯೋ, ಪೆಟ್ಟಿಗೆ ಬಂತೋ ಗೊತ್ತಾಗಲಿಲ್ಲ. ತಲೆಗೆ ಏಟಾಗಿದೆಯೋ ಎಂದು ಸ್ಕ್ಯಾನ್ ಮಾಡಿಸುತ್ತ ಕೂತೆವು. ಏನು ಮಾತ್ರೆ ಕೊಡುತ್ತೀರಿ?”

ಅವಳು ಹೇಳಿದಳು. ನರ್ಸು ಓಡಿದಳು. ಮಾನ್ಯಾ ಬಟ್ಟೆಯ ಗಂಟು ಬಿಚ್ಚಿ ತಮ್ಮನ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು, ಹಿಡಿತ ತಿರುಗಿ ಬರಲಿಲ್ಲ.

ಸಂಜೆ ಆಪರೇಷನ್ ಆಯಿತು. ಬೆರಳುಗಳು ಉಳಿಯಲಿಲ್ಲ. ಎಡ ಪಾದದ ಮುಂಭಾಗ ತೆಗೆದರು. ತಾನು ಮುಂಚೆ ಬಂದು ಮಾತ್ರೆ ಹೇಳಿದ್ದರೆ ಪಾದ ಉಳಿಯುತ್ತಿತ್ತೇ ಎಂದು ಅವಳು ಕೇಳಿದಾಗ ಡಾಕ್ಟರ್, “ಹೇಳೋಕಾಗಲ್ಲ,” ಎಂದರು. ಡೊಂಬಿವಲಿಯಿಂದ ಬಂದ ಅಲಮೇಲು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು.

“ಅವನು ಹೋಗಿದ್ದೆಲ್ಲ ನಿಮ್ಮಲ್ಲಿ ಬರ್ಕೊಂಡಿತ್ತು ಅಂದ್ಯಲ್ಲ. ಬರ್ಕೊಂಡೂ ಇಷ್ಟೊತ್ತು ಯಾಕಾಯ್ತು?” ಎಂದು ಕೇಳಿದರು.

“ತಪ್ಪಾದ್ರೆ ಸರಿ ಮಾಡ್ಕೊಳ್ಳೋಕೆ ಅಂತ ಒಂದನ್ನ ನಾಲ್ಕು ಗಂಟೆ ಹಿಂದೆ ಇಟ್ಟಿದ್ವಿ ಅಮ್ಮ. ಅದನ್ನ ಈ ಹೊತ್ತಿಗೆ ತರೋಕೆ ತಡವಾಯ್ತು.”

“ಯಾರು ಇಟ್ಟಿದ್ದು?”

“ನಾನೇ.”

 ಅಲಮೇಲು ತಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು, “ನಾನು ಅದರ ಸದ್ದು ನಿಲ್ಲಿಸದೆ ಇದ್ದಿದ್ರೆ,” ಎಂದರು. ಮಾನ್ಯಾ ಅವರನ್ನು ತಬ್ಬಿಕೊಂಡಳು. 

ಮುಂದಿನ ವಾರ ಆಫೀಸಿನಲ್ಲಿ ಮೀಟಿಂಗ್ ಆಯಿತು. ಎಲ್ಲರ ದಾಖಲೆಯೂ ಮರಳಿ ಸಿಕ್ಕಿತ್ತು. ಆದರೂ ನಿಯಮ ಮುರಿದದ್ದಕ್ಕೆ ಜಯಂತ್‌ಗೆ ಮಾಲೀಕರ ಕಟುವಾದ ಮೇಲ್ ಬಂದಿತ್ತು. ಜಯಂತ್ ಅದರ ಮಾತೇ ಎತ್ತಲಿಲ್ಲ. ಹಿಂದಿಡುವ ಹೊತ್ತನ್ನು ಒಂದು ಗಂಟೆಗೆ ಇಳಿಸಿಬಿಡಿ, ಬೇಗ ಮುಂದೆ ತರಬಹುದು ಎಂದು ಮಾಲೀಕರು ಹೇಳಿದಾಗ ಬೇಡ ಎಂದವನು ವಿಶಾಲ್.

“ಒಂದು ಗಂಟೆ ಇದ್ದಿದ್ರೆ ನಾವು ನೋಡೋ ಮೊದ್ಲೇ ನನ್ನ ಗಲ್ತಿ ಅಲ್ಲೂ ಮುಟ್ಟಿರ್ತಿತ್ತು. ಮ್ಯಾಡಮ್ ತಮ್ಮ ಎಲ್ಲೂ ಸಿಗ್ತಿರಲಿಲ್ಲ.”

ಎಲ್ಲರೂ ಮಾನ್ಯಾಳತ್ತ ನೋಡಿದರು. ಎರಡು ಲೇಟ್ ಸರ್ವರ್ ಬೇಕು, ಒಂದು ಹತ್ತಿರದ್ದು, ಒಂದು ದೂರದ್ದು, ಎಂದಳು ಅವಳು. ಹತ್ತಿರದ್ದು ಬೇಗ ಸಿಗುತ್ತದೆ, ಅದಕ್ಕೂ ತಪ್ಪು ಮುಟ್ಟಿದ್ದರೆ ದೂರದ್ದು ಇರುತ್ತದೆ. ಖರ್ಚು ಕೇಳಿ ಮಾಲೀಕರು ಮುಂದಿನ ವರ್ಷ ನೋಡೋಣ ಎಂದರು. ಹಾಗಾದರೆ ನಾಲ್ಕೇ ಇರಲಿ ಎಂದು ಹೇಳಿ ಅವಳು ಎದ್ದು ಆಸ್ಪತ್ರೆಗೆ ಹೊರಟಳು. 

ಆ ಭಾನುವಾರ ವಿಶಾಲ್ ಆಸ್ಪತ್ರೆಗೆ ಬಂದ. ಠಾಣೆಯ ನೌಪಾಡಾದಲ್ಲಿ ಅವನ ಅಪ್ಪನ ಹೋಟೆಲಿತ್ತು. ಅಲ್ಲಿಂದ ಬಾಳೆಲೆಯಲ್ಲಿ ಕಟ್ಟಿಸಿದ ಗೋಳಿಬಜೆಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ.

“ಯಾರಪ್ಪ ನೀನು?” ಎಂದರು ಅಲಮೇಲು.

ಅವನು ಮಾನ್ಯಾಳ ಮುಖ ನೋಡಿದ. “ಆಂಟೀ, ಅವತ್ತು ಅಳಿಸಿದ್ದು...”

“ಹೃಷಿ ಎಲ್ಲಿದಾನೆ ಅಂತ ಫೋನಲ್ಲಿ ಹೇಳ್ತಿದ್ದೋನು ಇವನೇ ಅಮ್ಮ,” ಎಂದಳು ಮಾನ್ಯಾ. “ಬಾ ವಿಶಾಲ್, ಕೂತ್ಕೋ.”

ಅವನು ಕೂತ. ಹೃಷಿ ಅಷ್ಟು ದಿನವೂ ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದವನು. ಅಕ್ಕ ತಿನ್ನಿಸಲು ಬಂದರೂ ಬಾಯಿ ತೆರೆಯುತ್ತಿರಲಿಲ್ಲ. ಎಣ್ಣೆಯ ವಾಸನೆಗೆ ಈಗ ಮೆಲ್ಲಗೆ ತಿರುಗಿದ. ಪೊಟ್ಟಣವನ್ನು ವಿಶಾಲನ ಕೈಯಿಂದ ಎಳೆದುಕೊಂಡು ಎದೆಯ ಮೇಲಿಟ್ಟು ಬಿಚ್ಚಿದ. ಒಂದು ಗೋಳಿಬಜೆ ಬಾಯಿಗಿಟ್ಟ, ಇನ್ನೊಂದನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಅಲಮೇಲು ನೀರು ತರುತ್ತೇನೆಂದು ಎದ್ದು ಹೊರಗೆ ಹೋದರು. ಹೋದವರು ಬೇಗ ಬರಲಿಲ್ಲ.